ರಿಚರ್ಡ್ ಹೈರಮ್ ಸ್ಯಾಂಕಿ

ಸರ್ ರಿಚರ್ಡ್ ಹೈರಮ್ ಸ್ಯಾಂಕಿ (ಮಾರ್ಚ್ 22, 1829 – ನವೆಂಬರ್ 11, 1908) ಅವರು ಬ್ರಿಟಿಷ್ ಆಳ್ವಿಕೆಯ ಕಾಲದ ಸೇನಾ ಇಂಜಿನಿಯರ್ ಹಾಗೂ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದವರು. ಬೆಂಗಳೂರಿನ ಅಠಾರಾ ಕಚೇರಿ (ಇಂದಿನ ಕರ್ನಾಟಕ ಉಚ್ಚ ನ್ಯಾಯಾಲಯ), ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ಕಬ್ಬನ್ ಉದ್ಯಾನ ಇವರ ಕಾಲದ ನಿರ್ಮಾಣಗಳು. ಮಲ್ಲೇಶ್ವರ ಮತ್ತು ಸದಾಶಿವನಗರಗಳ ನಡುವಿನ ಸ್ಯಾಂಕಿ ಕೆರೆಗೆ ಇವರ ಹೆಸರನ್ನೇ ಇಡಲಾಗಿದೆ. ಕೆಂಪು ಕಟ್ಟಡಗಳ ನಿರ್ಮಾತೃ ಎಂದು ಸಾಮಾನ್ಯವಾಗಿ ಇವರನ್ನು ನೆನೆಯುವುದುಂಟು. ಆದರೆ ಇವರ ಹೆಚ್ಚು ಮಹತ್ತ್ವದ ಕೆಲಸ ನಡೆದದ್ದು ಕೆರೆಗಳ ವಿಷಯದಲ್ಲಿ. ಮೈಸೂರು ಸೀಮೆಯ ಸಾವಿರಾರು ಕೆರೆಗಳು ಬಿಡಿಬಿಡಿಯಾದ ಹೊಂಡಗಳಲ್ಲ, ಕಣಿವೆ ಕಣಿವೆಗೂ ಒಂದರೊಡನೊಂದು ಹೆಣೆದುಕೊಂಡ ಒಂದೇ ದೊಡ್ಡ ಕಟ್ಟೋಣ ಎಂಬುದನ್ನು ಸರ್ಕಾರಿ ಮಟ್ಟದಲ್ಲಿ ಅಳತೆ ಸಹಿತ ದಾಖಲಿಸಿದವರು ಇವರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂತಹ ಕೆರೆಯಾಶ್ರಿತ ತಾಲ್ಲೂಕುಗಳ ಚರಿತ್ರೆಯಲ್ಲಿ ಇವರಿಗೆ ಸ್ಥಾನವಿರುವುದು ಈ ಕಾರಣದಿಂದ.

ಜನನ ಮತ್ತು ವಿದ್ಯಾಭ್ಯಾಸ

ಸ್ಯಾಂಕಿಯವರು ಐರ್ಲೆಂಡಿನ ಟಿಪ್ಪರೆರಿ ಪ್ರಾಂತ್ಯದ ರಾಕ್‌ವೆಲ್ ಕ್ಯಾಸಲ್‌ನಲ್ಲಿ ಜನಿಸಿದರು. ತಂದೆ ಮ್ಯಾಥ್ಯೂ ಸ್ಯಾಂಕಿ ವಕೀಲರು, ತಾಯಿ ಎಲೀನರ್. ದಂಪತಿಗಳ ನಾಲ್ಕನೆಯ ಮಗನಾದ ರಿಚರ್ಡ್ ಡಬ್ಲಿನ್ ನಗರದಲ್ಲಿ ಶಾಲಾ ಶಿಕ್ಷಣ ಮುಗಿಸಿ, 1845ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಡಿಸ್ಕೂಂಬ್‌ನಲ್ಲಿ ನಡೆಸುತ್ತಿದ್ದ ಸೈನಿಕ ವಿದ್ಯಾಲಯವನ್ನು ಸೇರಿದರು. ಕಂಪನಿಯ ಸೇನೆಗೆ ಇಂಜಿನಿಯರುಗಳನ್ನೂ ಫಿರಂಗಿ ದಳದ ಅಧಿಕಾರಿಗಳನ್ನೂ ತಯಾರು ಮಾಡುತ್ತಿದ್ದ ವಿದ್ಯಾಲಯವದು. ಅಲ್ಲಿ ಗಣಿತ ಮತ್ತು ಕೋಟೆ ಕಟ್ಟುವ ವಿದ್ಯೆಯ ಜೊತೆಗೆ ಚಿತ್ರಕಲೆಯನ್ನೂ ಕಲಿಸುತ್ತಿದ್ದರು. ಸ್ಯಾಂಕಿಯವರು ಚಿತ್ರಕಲೆಯಲ್ಲಿ ಬಹುಮಾನ ಪಡೆದೇ ಹೊರಬಂದರು. ಮುಂದೆ ಇವರು ಕಟ್ಟಿಸಿದ ಕಟ್ಟಡಗಳ ಪ್ರಮಾಣಬದ್ಧತೆಯನ್ನು ಕಂಡವರಿಗೆ ಈ ಸಂಗತಿ ಆಶ್ಚರ್ಯವೆನಿಸಲಾರದು.

1846ರ ನವೆಂಬರ್‌ನಲ್ಲಿ ಇವರು ಮದರಾಸು ಇಂಜಿನಿಯರುಗಳ ದಳಕ್ಕೆ ನೇಮಕಗೊಂಡರು. ಇಂಗ್ಲೆಂಡಿನ ಚಾಥಮ್‌ನಲ್ಲಿ ತರಬೇತಿ ಪಡೆದು 1848ರ ನವೆಂಬರ್‌ನಲ್ಲಿ ಮದರಾಸಿಗೆ ಬಂದಿಳಿದಾಗ ಇವರಿಗೆ ಇನ್ನೂ ಹತ್ತೊಂಬತ್ತು ವರ್ಷ.

ಸೇನಾ ಸೇವೆ ಮತ್ತು 1857

ಮೊದಲ ಕೆಲವು ವರ್ಷಗಳ ಸೇವೆ ನಾಗಪುರದ ಕಡೆ ನಡೆಯಿತು. ಅನಾರೋಗ್ಯದ ಕಾರಣ 1853ರಿಂದ ಮೂರು ವರ್ಷ ಸ್ವದೇಶದಲ್ಲಿದ್ದು ಮರಳಿದ ಮೇಲೆ, 1856ರಲ್ಲಿ ಮದರಾಸಿನ ಪೂರ್ವ ಕರಾವಳಿ ಕಾಲುವೆಯ ಮೇಲ್ವಿಚಾರಣೆ ಇವರ ಪಾಲಿಗೆ ಬಂತು. ನೀರಿನ ಕೆಲಸದೊಡನೆ ಇವರ ನಂಟು ಆರಂಭವಾದದ್ದು ಇಲ್ಲಿಯೇ. ಮರುವರ್ಷ ಕಲ್ಕತ್ತೆಗೆ ವರ್ಗವಾಯಿತು. ಅಷ್ಟರಲ್ಲಿ ಉತ್ತರ ಭಾರತದಲ್ಲಿ ದಂಗೆ ಎದ್ದಿತು.

ನಾವು ಪ್ರಥಮ ಸ್ವಾತಂತ್ರ್ಯ ಸಂಗ್ರಾಮವೆಂದು ಕರೆಯುವ ಆ ಹೋರಾಟದಲ್ಲಿ ಸ್ಯಾಂಕಿಯವರು ಕಂಪನಿಯ ಪಕ್ಷದಲ್ಲಿದ್ದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಅಲಹಾಬಾದಿನಲ್ಲಿ ರಕ್ಷಣಾ ಕಾಮಗಾರಿಗಳನ್ನು ಮುಗಿಸಿದರು. ಆ ಕೆಲಸದಲ್ಲಿ ಒಂದು ಹಳ್ಳಿಯನ್ನೇ ನೆಲಸಮ ಮಾಡಿಸಿದ್ದೂ ಉಂಟು. ಕಾನ್ಪುರದಲ್ಲಿ ಸೇನೆ ದಾಟಲು ಗಂಗೆಗೆ ಸೇತುವೆ ಕಟ್ಟಿಸಿದರು. 1858ರ ಮಾರ್ಚ್‌ನಲ್ಲಿ ಲಖನೌ ವಶವಾದಾಗ ಆ ಸೇನೆಯೊಡನಿದ್ದರು. ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಇವರ ಹೆಸರು ಶಿಫಾರಸಾಗಿತ್ತಾದರೂ ಪದಕ ದೊರೆಯಲಿಲ್ಲ. ಅದೇ ವರ್ಷ ಉದಕಮಂಡಲದಲ್ಲಿ ಸೋಫಿಯಾ ಮೇರಿ ಬೆನ್ಸನ್ ಅವರೊಡನೆ ವಿವಾಹವಾಯಿತು. ಇವರಿಗೆ ಇಬ್ಬರು ಹೆಣ್ಣುಮಕ್ಕಳು. ಆನಂತರ ಬರ್ಮಾದ ಮೌಲ್ಮೇನ್‌ನಲ್ಲಿ ಇಂಜಿನಿಯರಾಗಿಯೂ ಸೆರೆಮನೆಯ ಅಧೀಕ್ಷಕರಾಗಿಯೂ, ಕಲ್ಕತ್ತೆಯ ಫೋರ್ಟ್ ವಿಲಿಯಂ ಕೋಟೆಯ ಇಂಜಿನಿಯರಾಗಿಯೂ ಸ್ವಲ್ಪ ಕಾಲ ಕೆಲಸ ಮಾಡಿದರು.

ಮೈಸೂರು ಸಂಸ್ಥಾನಕ್ಕೆ ಆಗಮನ

1861ರಲ್ಲಿ ಸ್ಯಾಂಕಿಯವರು ಮೈಸೂರಿನ ಮುಖ್ಯ ಇಂಜಿನಿಯರರ ಸಹಾಯಕರಾಗಿ ಬೆಂಗಳೂರಿಗೆ ಬಂದರು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ವಹಿಸಿಕೊಂಡ ಬ್ರಿಟಿಷರು ಕಮಿಷನರುಗಳ ಮೂಲಕ ಸಂಸ್ಥಾನವನ್ನು ನಡೆಸುತ್ತಿದ್ದ ಕಾಲವದು. ದೀರ್ಘಕಾಲ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅದೇ ವರ್ಷ ನಿವೃತ್ತರಾಗಿದ್ದರು. ಅವರ ನಂತರ ಬಂದ ಲೆವಿನ್ ಬೌರಿಂಗ್ ಆಡಳಿತವನ್ನು ಹೊಸದಾಗಿ ವಿಭಾಗಿಸಿದಾಗ ಬೆಂಗಳೂರು, ತುಮಕೂರು ಜಿಲ್ಲೆಗಳೊಡನೆ ಕೋಲಾರ ಜಿಲ್ಲೆಯೂ ನಂದಿದುರ್ಗ ವಿಭಾಗಕ್ಕೆ ಸೇರಿತು. ಇಂದಿನ ಬಂಗಾರಪೇಟೆ ಬಹುಕಾಲ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದುದು ಈ ಬೌರಿಂಗರ ಹೆಸರಿನಿಂದಲೇ.

1864ರಲ್ಲಿ ಸ್ಯಾಂಕಿಯವರು ಮುಖ್ಯ ಇಂಜಿನಿಯರೂ ಕಮಿಷನರರ ಕಾರ್ಯದರ್ಶಿಯೂ ಆದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮದರಾಸು ರೈಲ್ವೆ ಕಂಪನಿಯು ಜೋಲಾರಪೇಟೆಯಿಂದ ಬಂಗಾರಪೇಟೆ, ಮಾಲೂರುಗಳ ಮೂಲಕ ಬೆಂಗಳೂರು ದಂಡಿನ ಪ್ರದೇಶಕ್ಕೆ ರೈಲು ಓಡಿಸಿತು. ರೈಲುಮಾರ್ಗ ಸ್ಯಾಂಕಿಯವರ ಇಲಾಖೆಯ ಕೆಲಸವಲ್ಲ. ಆದರೆ ರೈಲು ನಿಲ್ದಾಣಗಳಿಂದ ಒಳನಾಡಿಗೆ ರಸ್ತೆಗಳು ಬೇಕಾದವು. ಹಳೆಯ ರಸ್ತೆಗಳನ್ನು ಸರಿಪಡಿಸುವ, ಹೊಸದನ್ನು ಹಾಕಿಸುವ ಕೆಲಸ ಮುಂದಿನ ಹದಿಮೂರು ವರ್ಷ ಇವರ ಕೈಕೆಳಗೆ ನಡೆಯಿತು.

ಅಠಾರಾ ಕಚೇರಿ ಮತ್ತು ಇತರ ಕಟ್ಟಡಗಳು

ಕಮಿಷನರರ ಕಚೇರಿಗಳು ಆವರೆಗೆ ಬೆಂಗಳೂರು ಕೋಟೆಯ ಬಳಿಯ ಟಿಪ್ಪು ಸುಲ್ತಾನನ ಅರಮನೆಯಲ್ಲಿದ್ದವು. ಮರದ ಕಂಬಗಳ ಆ ಸುಂದರ ಅರಮನೆ ಕಾಗದಪತ್ರಗಳ ಭಾರ ಹೊರಲು ಕಟ್ಟಿದ್ದಲ್ಲ. ಹೊಸ ಕಟ್ಟಡದ ಕೆಲಸ ಸ್ಯಾಂಕಿಯವರ ಯೋಜನೆಯಂತೆ ನಡೆದು 1868ರಲ್ಲಿ ಕಚೇರಿಗಳು ಅಲ್ಲಿಗೆ ಸ್ಥಳಾಂತರಗೊಂಡವು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದುದರಿಂದ ಹಿಂದೂಸ್ತಾನಿಯಲ್ಲಿ ಹದಿನೆಂಟು ಎಂಬ ಅರ್ಥದ ಅಠಾರಾ ಪದ ಸೇರಿ ಅಠಾರಾ ಕಚೇರಿ ಎಂಬ ಹೆಸರು ಬಂತು.

ಎರಡು ಅಂತಸ್ತಿನ ಈ ಕಟ್ಟಡ ಉದ್ದಕ್ಕೆ ಚಾಚಿಕೊಂಡಿದೆ. ನಡುವೆ ಹಾಗೂ ಎರಡೂ ತುದಿಗಳಲ್ಲಿ ಮುಂಚಾಚಿದ ಮುಖಮಂಟಪಗಳಿವೆ; ಅವುಗಳಿಗೆ ಗ್ರೀಕ್ ಮಾದರಿಯ ಅಯೋನಿಕ್ ಕಂಬಗಳು. ಹಾಗೆ ನೋಡಿದರೆ ಅಲಂಕಾರ ಬಹಳ ಕಡಿಮೆ. ಕಂಬದ ಸಾಲು, ಕಮಾನು, ಅವುಗಳ ಹಿಂದಿನ ನೆರಳು – ಇಷ್ಟರಲ್ಲೇ ಕಟ್ಟಡದ ಗಾಂಭೀರ್ಯವೆಲ್ಲ ನಿಂತಿದೆ. ಉದ್ದನೆಯ ಪಡಸಾಲೆಗಳು ಬಿಸಿಲನ್ನು ಒಳಕೋಣೆಗೆ ಬಿಡದೆ ಗಾಳಿಯನ್ನು ಮಾತ್ರ ಬಿಡುತ್ತವೆ. ಗೋಡೆಗೆ ಬಳಿದ ಕೆಂಪು ಬಣ್ಣ ಸುತ್ತಲಿನ ಹಸಿರಿನ ನಡುವೆ ಎದ್ದು ಕಾಣುವುದರಿಂದ ಕಟ್ಟಡ ಇರುವುದಕ್ಕಿಂತ ಹತ್ತಿರದಲ್ಲಿದೆಯೆಂಬ ಭಾವನೆ ಬರುತ್ತದೆ. 1956ರಲ್ಲಿ ಎದುರಿಗೆ ವಿಧಾನಸೌಧ ಎದ್ದು ನಿಂತಿತು. ಅದು ದ್ರಾವಿಡ ಶೈಲಿಯ ಶಿಖರ, ಕೆತ್ತನೆಗಳಿಂದ ತುಂಬಿದ ಕಲ್ಲಿನ ಭವನ. ಎದುರಿನ ಕೆಂಪು ಕಟ್ಟಡವನ್ನು ಕುಬ್ಜಗೊಳಿಸುವಂತೆ ಅದನ್ನು ಕಟ್ಟಲಾಯಿತೆಂಬ ಮಾತುಂಟು. ಗಾತ್ರದಲ್ಲಿ ಕುಬ್ಜವಾದದ್ದು ನಿಜ. ಆದರೆ ಇಂದು ಆ ರಸ್ತೆಯಲ್ಲಿ ನಿಂತು ನೋಡುವವರಿಗೆ ಎರಡೂ ಪರಸ್ಪರ ಶೋಭೆ ತಂದಂತೆಯೇ ತೋರುತ್ತದೆ. ಸಚಿವಾಲಯ ವಿಧಾನಸೌಧಕ್ಕೆ ಹೋದ ಮೇಲೆ ಅಠಾರಾ ಕಚೇರಿ ಪೂರ್ತಿಯಾಗಿ ಉಚ್ಚ ನ್ಯಾಯಾಲಯದ ನೆಲೆಯಾಯಿತು. 1980ರ ದಶಕದಲ್ಲಿ ಇದನ್ನು ಕೆಡವಿ ಹೊಸದನ್ನು ಕಟ್ಟುವ ಆಲೋಚನೆ ಸರ್ಕಾರಕ್ಕೆ ಬಂದಿತ್ತು. ನಾಗರಿಕರು ಪ್ರತಿಭಟಿಸಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಕಟ್ಟಡ ಉಳಿಯಿತು.

ಕಟ್ಟಡದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಬೆಂಗಳೂರಿನ ಆರ್‌.ಬಿ.ಎ.ಎನ್‌.ಎಂ. ಶಿಕ್ಷಣ ಸಂಸ್ಥೆಗಳ ಸ್ಥಾಪಕರೆಂದು ಹೆಸರಾದವರು ಇವರೇ. ಈ ಹೆಸರನ್ನು ಇಲ್ಲಿ ಹೇಳಲೇಬೇಕು. ನಕ್ಷೆಗೆ ಸಹಿ ಹಾಕಿದವರ ಹೆಸರು ಮಾತ್ರ ಉಳಿದು ಸುಣ್ಣ ಅರೆದವರ, ಕಲ್ಲು ಹೊತ್ತವರ, ಕಮಾನು ತಿರುಗಿಸಿದ ಗಾರೆಯವರ ಹೆಸರುಗಳು ಅಳಿಸಿಹೋಗುವುದು ಎಲ್ಲ ಕಾಲದ ರೂಢಿ. ಅಪವಾದವಾಗಿ ನಮ್ಮ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಲ್ಲಿ ಸೋಮೇಶ್ವರ ದೇವಾಲಯದ ಅರ್ಧ ಭಾಗ ಜಕಣಾಚಾರಿಯದು, ಉಳಿದರ್ಧ ಅವನ ಮಗ ಡಂಕಣನದು ಎಂದು ಜನ ಇಂದಿಗೂ ತೋರಿಸುತ್ತಾರೆ. ಅದು ಐತಿಹ್ಯವೇ ಸರಿ, ಆದರೂ ಕೆಲಸಗಾರನಿಗೊಂದು ಹೆಸರು ಕೊಡಬೇಕೆಂಬ ಹಂಬಲ ಅದರಲ್ಲಿದೆ.

1865ರಲ್ಲಿ ದಂಡಿನ ಹಳೆಯ ಸೆರೆಮನೆ ಕಟ್ಟಡದಲ್ಲಿ ಆರಂಭವಾಗಿದ್ದ ವಸ್ತುಸಂಗ್ರಹಾಲಯಕ್ಕೂ ಸ್ಯಾಂಕಿಯವರು ಸ್ವಂತ ಕಟ್ಟಡ ಯೋಜಿಸಿದರು. ಕೊರಿಂಥಿಯನ್ ಕಂಬಗಳ, ಇದೂ ಕೆಂಪು ಬಣ್ಣದ ಈ ಕಟ್ಟಡಕ್ಕೆ ಸಂಗ್ರಹಾಲಯ 1877ರಲ್ಲಿ ಬಂತು. ಇವೆರಡನ್ನೂ ಸುತ್ತುವರಿದ ಉದ್ಯಾನ 1870ರಲ್ಲಿ ರೂಪುಗೊಂಡಿತು. ಆಗ ಹಂಗಾಮಿ ಕಮಿಷನರಾಗಿದ್ದವರ ಹೆಸರಿನಿಂದ ಮೀಡ್ಸ್ ಪಾರ್ಕ್ ಎನಿಸಿಕೊಂಡಿದ್ದ ಇದೇ ಮುಂದೆ ಕಬ್ಬನ್ ಪಾರ್ಕ್ ಆಯಿತು. ಕಟ್ಟಡವನ್ನು ಒಂಟಿಯಾಗಿ ನಿಲ್ಲಿಸದೆ ಅದರ ಸುತ್ತಲಿನ ನೆಲವನ್ನೂ ಸೇರಿಸಿಯೇ ಯೋಚಿಸುವುದು ಸ್ಯಾಂಕಿಯವರ ಅಭ್ಯಾಸ.

ಕೆರೆಗಳ ಅಧ್ಯಯನ

ಸ್ಯಾಂಕಿಯವರು ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಅನೇಕವು ಹೂಳು ತುಂಬಿ, ಏರಿ ಕುಸಿದು, ತೂಬು ಸೋರಿ ಹಾಳಾಗಿದ್ದವು. ಒಂದು ಕೆರೆ ಒಡೆದರೆ ಆ ಒಂದನ್ನು ರಿಪೇರಿ ಮಾಡಿಸುವುದು, ಮುಂದಿನ ಮಳೆಗಾಲಕ್ಕೆ ಮತ್ತೊಂದು ಒಡೆದಾಗ ಅಲ್ಲಿಗೆ ಓಡುವುದು ಆಗಿನ ಪದ್ಧತಿ. ಇದರಲ್ಲಿ ಹಣ ಖರ್ಚಾಗುತ್ತಿತ್ತೇ ಹೊರತು ಕೆಲಸ ನಿಲ್ಲುತ್ತಿರಲಿಲ್ಲ.

ಕಾರಣವನ್ನು ಸ್ಯಾಂಕಿಯವರು ನೆಲದ ಇಳಿಜಾರಿನಲ್ಲಿ ಹುಡುಕಿದರು. ಮೈಸೂರಿನ ಬಯಲುಸೀಮೆಯಲ್ಲಿ, ವಿಶೇಷವಾಗಿ ಅದರ ಪೂರ್ವ ಭಾಗದಲ್ಲಿ, ಒಂದೇ ಹಳ್ಳದ ಮೇಲೆ ಮೇಲಿನಿಂದ ಕೆಳಗಿನವರೆಗೆ ಕೆರೆಯ ನಂತರ ಕೆರೆಯನ್ನು ಕಟ್ಟಲಾಗಿದೆ. ಮೇಲಿನ ಕೆರೆ ತುಂಬಿದರೆ ಅದರ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಬರುತ್ತದೆ. ಮೇಲಿನ ಕೆರೆಯ ಅಚ್ಚುಕಟ್ಟಿನ ಗದ್ದೆಗಳಿಂದ ಬಸಿದ ನೀರು ಸಹ ಕೆಳಗಿನದಕ್ಕೇ ಸೇರುತ್ತದೆ. ಹೀಗಿರುವಾಗ ಮೇಲಿನ ಊರಿನವರು ತಮ್ಮ ಏರಿಯನ್ನೋ ಕೋಡಿಯನ್ನೋ ಒಂದು ಗೇಣು ಎತ್ತರಿಸಿದರೆ ಕೆಳಗಿನ ಊರಿನ ಕೆರೆ ಒಣಗುತ್ತದೆ. ಮೇಲಿನ ಕೆರೆಯ ಕೋಡಿ ಕಿರಿದಾಗಿದ್ದು ಜಡಿಮಳೆಗೆ ಏರಿ ಒಡೆದರೆ ಆ ಪ್ರವಾಹ ಕೆಳಗಿನ ಕೆರೆಗಳನ್ನು ಒಂದೊಂದಾಗಿ ಒಡೆಯುತ್ತಾ ಹೋಗುತ್ತದೆ. ಆದ್ದರಿಂದ ಒಂದು ಕೆರೆಯ ರಿಪೇರಿಗೆ ಆ ಕೆರೆಯನ್ನು ಅಳೆದರೆ ಸಾಲದು. ಇಡೀ ಕಣಿವೆಯನ್ನು ಅಳೆಯಬೇಕು.

ಇವರು ಆರಂಭಿಸಿದ ನೀರಾವರಿ ಇಲಾಖೆ ಹಿಡಿದ ಕ್ರಮ ಇದೇ. ಪ್ರತಿಯೊಂದು ಕಣಿವೆಯ ಮೋಜಣಿ ಮಾಡಿ, ಪ್ರತಿ ಕೆರೆಗೆ ಎಷ್ಟು ನೆಲದ ಮಳೆನೀರು ಬಂದು ಸೇರುತ್ತದೆಂದು ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಕೆರೆಯ ಗಾತ್ರವನ್ನೂ ಕೋಡಿಯ ಅಗಲವನ್ನೂ ನಿಗದಿ ಮಾಡುವುದು. ಈಗಿನ ಓದುಗರಿಗೆ ಇದು ಸಾಮಾನ್ಯವೆನಿಸಬಹುದು. ಹಳ್ಳಿಯ ನೀರುಗಂಟಿಗೆ ಆಗಲೂ ಇದು ಸಾಮಾನ್ಯವೇ ಆಗಿತ್ತು. ಆದರೆ ಸರ್ಕಾರಿ ಕಡತದಲ್ಲಿ ಕೆರೆಯೆಂದರೆ ಕಂದಾಯದ ಪಟ್ಟಿಯ ಒಂದು ಸಾಲು ಮಾತ್ರವಾಗಿತ್ತು. ನೀರುಗಂಟಿಯ ತಿಳಿವಳಿಕೆಗೆ ಅಂಕಿ ಅಂಶಗಳ ರೂಪ ಕೊಟ್ಟದ್ದು ಸ್ಯಾಂಕಿಯವರ ಹೆಚ್ಚುಗಾರಿಕೆ.

1866ರ ಸುಮಾರಿಗೆ ಇವರು ಬರೆದ ವರದಿಯ ಅಭಿಪ್ರಾಯವನ್ನು ನೀರಾವರಿ ಚರಿತ್ರೆಯ ಬಹುತೇಕ ಎಲ್ಲ ಗ್ರಂಥಕರ್ತರೂ ಉಲ್ಲೇಖಿಸುತ್ತಾರೆ. ಸಂಸ್ಥಾನದ ಒಟ್ಟು ವಿಸ್ತೀರ್ಣ 27,269 ಚದರ ಮೈಲಿಗಳು. ಅದರಲ್ಲಿ ಶೇಕಡ 60ರಷ್ಟು ಭೂಮಿಯನ್ನು ಇಲ್ಲಿನ ಜನ ತಲೆತಲಾಂತರದ ತಾಳ್ಮೆಯ ದುಡಿಮೆಯಿಂದ ಕೆರೆ ವ್ಯವಸ್ಥೆಯೊಳಕ್ಕೆ ತಂದಿದ್ದಾರೆಂದೂ, ಇನ್ನು ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಸಾಕಷ್ಟು ಜಾಣ್ಮೆ ಬೇಕಾದೀತೆಂದೂ ಆ ವರದಿಯ ಸಾರ. ಆಳುವ ಜನಾಂಗಕ್ಕೆ ಸೇರಿದ, ಇಂಗ್ಲೆಂಡಿನಲ್ಲಿ ತರಬೇತಾದ ಇಂಜಿನಿಯರೊಬ್ಬರು ತಮಗಿಂತ ಮೊದಲು ಹೆಸರಿಲ್ಲದ ಇಂಜಿನಿಯರುಗಳು ಇಲ್ಲಿದ್ದರೆಂದೂ, ಅವರು ಜಾಗ ಬಿಟ್ಟಿಲ್ಲವೆಂದೂ ಒಪ್ಪಿಕೊಂಡ ಮಾತಿದು. ಕೀರ್ತಿವಂತ ವಾಸ್ತುಶಿಲ್ಪಿಗಳನ್ನು ಮೆಚ್ಚುವವರು ಬಹಳ. ಕೀರ್ತಿವಂತ ವಾಸ್ತುಶಿಲ್ಪಿಯೊಬ್ಬರು ಯಾರನ್ನು ಮೆಚ್ಚಿದರೆಂಬುದು ಅದಕ್ಕಿಂತ ತಿಳಿಯತಕ್ಕ ವಿಷಯ.

ಕೋಲಾರ ಸೀಮೆಯ ಕೆರೆಗಳು

ಸ್ಯಾಂಕಿಯವರ ಈ ಮಾತಿಗೆ ಕೋಲಾರ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲಿಲ್ಲ. ವಾರ್ಷಿಕ ಮಳೆ 70 ಸೆಂ.ಮೀ. ಆಸುಪಾಸು, ಅದೂ ಕೆಲವೇ ದಿನಗಳಲ್ಲಿ ಬಿದ್ದು ಹೋಗುವಂಥದ್ದು. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ಕೋಲಾರ, ಮುಳಬಾಗಿಲು ಸೀಮೆಯ ನೀರನ್ನು ಕೂಡಿಸಿಕೊಂಡು ತಮಿಳುನಾಡಿನತ್ತ ಸಾಗುತ್ತದೆ. ದಕ್ಷಿಣ ಪಿನಾಕಿನಿ ಮಾಲೂರು ತಾಲ್ಲೂಕನ್ನು ಹಾದುಹೋಗುತ್ತದೆ. ಶ್ರೀನಿವಾಸಪುರದ ಉತ್ತರ ಭಾಗದ ನೀರು ಪಾಪಾಗ್ನಿಯ ಪಾಲು. (ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ; ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿನಿಂದ ಈಗಿನ ಹೆಸರಿಟ್ಟರು.) ಈ ಮೂರೂ ಹೊಳೆಗಳು ಕೆರೆಗಳ ಸರಪಳಿಗಳೆಂದರೂ ಸಲ್ಲುತ್ತದೆ.

ಇಲ್ಲಿನ ಕೆರೆಗಳ ಪ್ರಾಚೀನತೆಗೆ ಶಾಸನಗಳೇ ಸಾಕ್ಷಿ. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಕೆರೆ ಕಟ್ಟಿಸಿದವರು, ತೂಬು ಇರಿಸಿದವರು, ಒಡೆದ ಏರಿಯನ್ನು ಮತ್ತೆ ಕಟ್ಟಿಸಿದವರು ಅದರಲ್ಲಿ ಸಾಲುಸಾಲಾಗಿ ಬರುತ್ತಾರೆ. ಏರಿಗೆ ಮಣ್ಣು ಹೊರುವ ಬಂಡಿಯ ಖರ್ಚಿಗೆಂದೂ, ಕೆರೆಯನ್ನು ಕಾಪಾಡುವವರ ಜೀವನಕ್ಕೆಂದೂ ಗದ್ದೆ ಬಿಟ್ಟುಕೊಡುವ ಬಿತ್ತುವಟ್ಟ, ಕಟ್ಟುಕೊಡಗೆಗಳ ಪದ್ಧತಿ ಈ ಸೀಮೆಯಲ್ಲಿ ಗಂಗರ, ಬಾಣರ, ನೊಳಂಬರ ಕಾಲಕ್ಕೇ ಬೇರೂರಿತ್ತು. ಪಾಲಾರ್ ಮೇಲಿನ ಬೇತಮಂಗಲದ ದೊಡ್ಡ ಕೆರೆ ಶಾಸನಗಳ ವಿಜಯಾದಿತ್ಯಮಂಗಲದ ಕೆರೆ. ಅದು ಒಡೆದಾಗ ನೊಳಂಬ ಅರಸರ ಕಾಲದಲ್ಲಿ, ಹತ್ತನೆಯ ಶತಮಾನದಲ್ಲಿ, ಪುನಃ ಕಟ್ಟಲ್ಪಟ್ಟಿತು. ಸುಮಾರು ಸಾವಿರ ವರ್ಷಗಳ ನಂತರ ಕೋಲಾರ ಚಿನ್ನದ ಗಣಿಗಳಿಗೆ ಕುಡಿಯುವ ನೀರು ಹೋದದ್ದು ಇದೇ ಬೇತಮಂಗಲದಿಂದ. ಇಂಥದೊಂದು ಕೆರೆಯ ಏರಿಯ ಮೇಲೆ ನಿಂತವರಿಗೆ ಸ್ಯಾಂಕಿಯವರ ಬೆರಗು ಅರ್ಥವಾಗುತ್ತದೆ.

ಒಂದು ಮಾತನ್ನು ಮಾತ್ರ ಸೇರಿಸಬೇಕು. ಕೆರೆಗಳನ್ನು ಇಲಾಖೆ ವಹಿಸಿಕೊಂಡಂತೆ ಊರಿನವರ ಹೊಣೆಗಾರಿಕೆ ಸಡಿಲವಾಯಿತು. ಗಾರೆ ಕೆಲಸ ಸರ್ಕಾರದ್ದು, ಮಣ್ಣಿನ ಕೆಲಸ ರೈತರದ್ದು ಎಂದು ನಿಯಮವಿದ್ದರೂ, ಮಾನ್ಯದ ಭೂಮಿಗಳೂ ಊರೊಟ್ಟಿನ ದುಡಿಮೆಯ ಕಟ್ಟುಪಾಡುಗಳೂ ಮರೆಯಾದ ಮೇಲೆ ಹೂಳೆತ್ತುವ ಕೆಲಸ ಹಿಂದೆ ಬಿತ್ತು. ಇದರ ಹೊಣೆ ಸ್ಯಾಂಕಿಯವರೊಬ್ಬರದಲ್ಲ. ಆದರೆ ಇವರು ಅಷ್ಟೊಂದು ಮೆಚ್ಚಿದ ತಾಳ್ಮೆಯ ದುಡಿಮೆ ಇವರ ಇಲಾಖೆಯ ಕಾಲದಿಂದಲೇ ಕರಗತೊಡಗಿತೆಂಬುದು ನಿಜ.

ಆಸ್ಟ್ರೇಲಿಯಾ ಪ್ರವಾಸ

ಮೈಸೂರಿನ ಕೆಲಸದ ಖ್ಯಾತಿ ಹೊರಗೂ ಹಬ್ಬಿತ್ತು. 1870ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಸರ್ಕಾರ ತನ್ನ ನೀರು ಸರಬರಾಜು ಕಾಮಗಾರಿಗಳ ಬಗ್ಗೆ ಎದ್ದಿದ್ದ ವಿವಾದವನ್ನು ಪರಿಶೀಲಿಸಲು ಇವರನ್ನು ಕರೆಸಿಕೊಂಡಿತು. ಕೆಲವು ತಿಂಗಳು ಮೆಲ್ಬರ್ನ್‌ನಲ್ಲಿದ್ದು ವರದಿ ಕೊಟ್ಟು ಬೆಂಗಳೂರಿಗೆ ಮರಳಿದರು.

ಮಹಾಕ್ಷಾಮ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಸುಮಾರು ಐವತ್ತು ಲಕ್ಷ ಜನಸಂಖ್ಯೆಯಲ್ಲಿ ಹತ್ತು ಲಕ್ಷದಷ್ಟನ್ನು ಕಳೆದುಕೊಂಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಸಂಸ್ಥಾನದಲ್ಲಿ ಕೆರೆಗಳು ಅತ್ಯಂತ ಒತ್ತಾಗಿದ್ದ ಜಿಲ್ಲೆಯೇ ಹೀಗೆ ನಲುಗಿದ್ದು ಏಕೆ ಎಂಬ ಪ್ರಶ್ನೆ ಸಹಜ. ಕೆರೆಗಳು ಒಂದು ವರ್ಷದ ಮಳೆಯ ಏರುಪೇರನ್ನು ತಡೆಯಬಲ್ಲವು. ಎರಡನೆಯ ವರ್ಷವೂ ಮುಗಿಲು ಕೈಕೊಟ್ಟರೆ ಸರಪಳಿಯ ಮೇಲ್ತುದಿಯ ಕೆರೆಯೇ ತುಂಬುವುದಿಲ್ಲ; ಕೆಳಗಿನವುಗಳ ಮಾತು ದೂರವೇ ಉಳಿಯಿತು. ಇರುವ ಮಳೆನೀರನ್ನೆಲ್ಲ ಆಗಲೇ ಹಂಚಿಕೊಂಡಾಗಿದೆ ಎಂಬ ಸ್ಯಾಂಕಿಯವರ ವರದಿಯಲ್ಲಿ ಹೊಗಳಿಕೆಯ ಜೊತೆಗೆ ಈ ಎಚ್ಚರಿಕೆಯೂ ಅಡಗಿತ್ತು ಎಂದು ಈಗ ಓದುವವರಿಗೆ ಅನ್ನಿಸುತ್ತದೆ. ಕ್ಷಾಮ ಇನ್ನೂ ತೀರದ 1877ರಲ್ಲಿಯೇ ಇವರಿಗೆ ಭಾರತ ಸರ್ಕಾರದ ಅಧೀನ ಕಾರ್ಯದರ್ಶಿಯಾಗಿ ಸಿಮ್ಲಾಕ್ಕೆ ವರ್ಗವಾಯಿತು. ಮೈಸೂರಿನ ಹದಿನಾರು ವರ್ಷಗಳ ಸೇವೆ ಹೀಗೆ ಮುಗಿಯಿತು.

ಅಫ್ಘಾನ್ ಯುದ್ಧ, ಮದರಾಸು ಮತ್ತು ಐರ್ಲೆಂಡ್

1878ರಲ್ಲಿ ಅಫ್ಘಾನಿಸ್ತಾನದೊಡನೆ ಯುದ್ಧ ಆರಂಭವಾದಾಗ ಕಂದಹಾರದ ಸೇನೆಯ ಇಂಜಿನಿಯರುಗಳ ಮುಖ್ಯಸ್ಥರಾಗಿ ಹೋದರು. ಅಲ್ಲಿಂದ ಮರಳಿ ಮದರಾಸು ಸರ್ಕಾರದ ಲೋಕೋಪಯೋಗಿ ಇಲಾಖೆಯ ಕಾರ್ಯದರ್ಶಿಯಾದರು. ಶಾಸನ ಸಭೆಯ ಸದಸ್ಯರೂ ಮದರಾಸು ವಿಶ್ವವಿದ್ಯಾಲಯದ ಫೆಲೋ ಕೂಡ ಆದರು. ಮದರಾಸಿನ ಮರೀನಾ ಕಡಲತೀರದ ವಿಹಾರಮಾರ್ಗ ರೂಪುಗೊಂಡದ್ದರಲ್ಲಿ ಇವರ ಪಾಲಿದೆ. 1882ರಲ್ಲಿ ಪತ್ನಿ ತೀರಿಕೊಂಡರು. 1884ರ ಜನವರಿಯಲ್ಲಿ ಲೆಫ್ಟಿನೆಂಟ್ ಜನರಲ್ ಗೌರವ ಪದವಿಯೊಡನೆ ಸೇನೆಯಿಂದ ನಿವೃತ್ತರಾದರು.

ಐರ್ಲೆಂಡಿಗೆ ಹಿಂದಿರುಗಿದ ಇವರನ್ನು ಅಲ್ಲಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಈ ಹುದ್ದೆಯಲ್ಲಿ 1896ರವರೆಗೆ ಇದ್ದರು. 1890ರಲ್ಲಿ ಡಬ್ಲಿನ್‌ನಲ್ಲಿ ಹೆನ್ರಿಯೆಟ್ಟಾ ಅವರೊಡನೆ ಪುನರ್ವಿವಾಹವಾಯಿತು. 1892ರಲ್ಲಿ ಕೆ.ಸಿ.ಬಿ. ಪದವಿ ದೊರೆತು ಸರ್ ಎನಿಸಿಕೊಂಡರು. ಕೊನೆಯ ವರ್ಷಗಳನ್ನು ಲಂಡನ್‌ನಲ್ಲಿ ಕಳೆದರು. ಆಗಾಗ ಮೆಕ್ಸಿಕೋ ದೇಶದಲ್ಲಿ ಪ್ರವಾಸ ಮಾಡುತ್ತಿದ್ದರು. 1908ರ ನವೆಂಬರ್ 11ರಂದು ಲಂಡನ್ನಿನ ತಮ್ಮ ಮನೆಯಲ್ಲಿ ಹಠಾತ್ತನೆ ನಿಧನರಾದರು. ಸಮಾಧಿ ಸಸೆಕ್ಸ್‌ನ ಹೋವ್ ಎಂಬಲ್ಲಿದೆ.

ಆನಂತರದ ಬೆಳವಣಿಗೆಗಳು

1881ರಲ್ಲಿ ಮೈಸೂರು ಮತ್ತೆ ಒಡೆಯರ ಆಳ್ವಿಕೆಗೆ ಬಂತು. 1892ರಲ್ಲಿ ಮೈಸೂರು, ಮದರಾಸುಗಳ ನಡುವೆ ನದಿನೀರಿನ ಒಪ್ಪಂದವಾಯಿತು. ಅದರ ಪಟ್ಟಿಯಲ್ಲಿರುವ ನದಿಗಳ ಮೇಲೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯಗಳನ್ನು ಕಟ್ಟುವಂತಿರಲಿಲ್ಲ. ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ಐದೂ ಆ ಪಟ್ಟಿಯಲ್ಲಿದ್ದವು. ಅಂದರೆ ಅಂದಿನ ಕೋಲಾರ ಜಿಲ್ಲೆಯ ಹೊಳೆಗಳೆಲ್ಲ ಅದರೊಳಗೆ ಬಂದವು. ಹೊಸ ಕೆರೆಗೆ ಜಾಗ ಸಿಗುವುದು ಕಷ್ಟವೆಂದು ಇಂಜಿನಿಯರ್ ಹೇಳಿದ್ದ ಸೀಮೆಗೆ ಈಗ ಕಾಗದದ ತಡೆಯೂ ಬಂದಂತಾಯಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಳವೆಬಾವಿಗಳು ಬಂದ ಮೇಲೆ ಕೋಲಾರ ಜಿಲ್ಲೆಯಲ್ಲಿ ಕೆರೆಯ ಮೇಲಿನ ಅವಲಂಬನೆ ಕುಗ್ಗಿತು. ರಾಜಕಾಲುವೆಗಳು ಒತ್ತುವರಿಯಾದವು. ಬಾವಿಗಳ ಆಳ ಸಾವಿರ ಅಡಿ ದಾಟಿತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯ ಹಂತ ಬೇಡವೇ ಎಂಬ ವಾದ ಇನ್ನೂ ಮುಗಿದಿಲ್ಲ. ಕುಡಿಯುವ ನೀರಿನ ಬಾವಿಗಳ ಪಕ್ಕದಲ್ಲಿ ವಾಸಿಸುವವರಿಗೆ ಅದು ಸಣ್ಣ ವಿಷಯವಲ್ಲ. ಸ್ಯಾಂಕಿಯವರ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಬೇರೊಂದಿದೆ. 126 ಕೆರೆಗಳನ್ನು ತುಂಬಿಸುವ ಈ ಯೋಜನೆಯಲ್ಲಿ ಕೊಳವೆಯ ಕೆಲಸ ಮೇಲಿನ ಕೆರೆಗಳವರೆಗೆ ಮಾತ್ರ. ಆಮೇಲೆ ನೀರು ಹಿಂದಿನವರು ಬಿಟ್ಟುಹೋದ ಕೋಡಿಯನ್ನು ದಾಟಿ, ಹಳೆಯ ಕಾಲುವೆಯ ಜಾಡು ಹಿಡಿದು, ಕೆಳಗಿನ ಕೆರೆಗೆ ತಾನಾಗಿಯೇ ಇಳಿಯುತ್ತದೆ. ಒತ್ತುವರಿಯಾದ ಜಾಗಗಳಲ್ಲಿ ಮೊದಲು ಕಾಲುವೆಯನ್ನು ಬಿಡಿಸಬೇಕಾಯಿತು.

ಸ್ಯಾಂಕಿ ಕೆರೆ

ಬೆಂಗಳೂರಿಗೆ ನೀರು ಒದಗಿಸಲು 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆಯ ವಿಸ್ತೀರ್ಣ ಸುಮಾರು 37 ಎಕರೆ. ಆಗ ಸ್ಯಾಂಕಿಯವರು ಮದರಾಸಿನ ಹುದ್ದೆಯಲ್ಲಿದ್ದರು. ಹತ್ತಿರದಲ್ಲೇ ಸರ್ಕಾರದ ಗಂಧದ ಮರದ ಕೋಠಿ ಇದ್ದುದರಿಂದ ಸ್ಥಳೀಯರು ಇದನ್ನು ಗಂಧದಕೋಠಿ ಕೆರೆ ಎನ್ನುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆ ನೀರು ಬಂದ ಮೇಲೆ ಕುಡಿಯುವ ನೀರಿಗೆ ಈ ಕೆರೆಯ ಅಗತ್ಯ ತಪ್ಪಿತು. ಈಗ ಸುತ್ತ ನಡಿಗೆಯ ಹಾದಿ, ದೋಣಿವಿಹಾರ ಇವೆ. ಗಣೇಶ ಚೌತಿಯಲ್ಲಿ ಮೂರ್ತಿಗಳ ವಿಸರ್ಜನೆಗೆ ಪಕ್ಕದಲ್ಲಿ ಪ್ರತ್ಯೇಕ ಕಲ್ಯಾಣಿಯನ್ನು ಕಟ್ಟಲಾಗಿದೆ.